ಟ್ಯಾಬ್‌ನಲ್ಲಿ ಬರೆದ ತೋಟದ ಟಿಪ್ಪಣಿ ಬೇಕಾದಾಗ ಸಿಗುತ್ತಿಲ್ಲ: ಜೋಡಿಸುವುದು ಹೇಗೆ?

ಬಾಗಾಯ್ತು_ಹೊಸನಗರ:

10.4 ಇಂಚಿನ ಆಂಡ್ರಾಯ್ಡ್ ಟ್ಯಾಬ್, ಜೊತೆಗೆ ಪೆನ್. ಸ್ಯಾಮ್‌ಸಂಗ್ ನೋಟ್ಸ್‌ನಲ್ಲಿ ಎರಡು ವರ್ಷದ್ದು ಸೇರಿ 400ಕ್ಕೂ ಹೆಚ್ಚು ಟಿಪ್ಪಣಿ ಇದೆ. ಅಡಿಕೆಗೆ ಬೋರ್ಡೋ (ಕೊಳೆರೋಗ ತಡೆಯುವ ದ್ರಾವಣ) ಹೊಡೆದ ದಿನ, ಮಳೆ ಲೆಕ್ಕ, ಆಳಿನ ಲೆಕ್ಕ, ಮಂಡಿ ಚೀಟಿಯ ಫೋಟೋ, ಪಹಣಿಯ ಪಿಡಿಎಫ್, ಸೊಸೈಟಿ ಸಭೆಯಲ್ಲಿ ಆದ ಮಾತು ಎಲ್ಲವೂ ಒಂದೇ ರಾಶಿ. ಮುಕ್ಕಾಲು ಪಾಲು ಕೈಬರಹ, ಅದೂ ಕನ್ನಡದಲ್ಲಿ. ಬಹಳಷ್ಟಕ್ಕೆ ಹೆಸರೇ ಕೊಟ್ಟಿಲ್ಲ.

ತಿಳಿಯಬೇಕಾದ್ದು ಇಷ್ಟು. ಫೋಲ್ಡರ್ ಮಾಡುವುದು ಒಳ್ಳೆಯದೋ, ಟ್ಯಾಗ್ ಹಾಕುವುದೋ? ಕನ್ನಡ ಕೈಬರಹವನ್ನು ಹುಡುಕಲು ದಾರಿ ಇದೆಯೇ? ಮಳೆಗಾಲದಲ್ಲಿ ಇಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಸರಿಯಿರುವುದಿಲ್ಲ, ಕರೆಂಟೂ ಹಾಗೇ. ಆಗಲೂ ಕೆಲಸ ನಿಲ್ಲದ ವ್ಯವಸ್ಥೆ ಬೇಕು. ಆಪ್ ಬದಲಿಸಲೂ ಸಿದ್ಧ.

ಕಡತದ_ಕಪಾಟು:

ಮೊದಲು ಆಪ್ ವಿಷಯ ಬಿಡಿ. ನಿಮ್ಮ ಟಿಪ್ಪಣಿ ಸಿಗದೇ ಇರುವುದು ಆಪ್‌ನಿಂದಲ್ಲ, ಹೆಸರಿಲ್ಲದ್ದರಿಂದ. 400 ಹೆಸರಿಲ್ಲದ ಟಿಪ್ಪಣಿಯನ್ನು ಯಾವ ಆಪ್‌ಗೆ ಸಾಗಿಸಿದರೂ ಅಲ್ಲೂ ಹೆಸರಿಲ್ಲದ 400 ಟಿಪ್ಪಣಿಯೇ.

ಫೋಲ್ಡರ್ ಕಡಿಮೆ ಇರಲಿ, ಆರಕ್ಕಿಂತ ಹೆಚ್ಚು ಬೇಡ. ಟಿಪ್ಪಣಿ ಬರೆದು ಮುಗಿದ ಮೇಲೆ "ಇದು ಎಲ್ಲಿ ಹೋಗಬೇಕು" ಎಂದು ಎರಡು ಸೆಕೆಂಡಿಗಿಂತ ಹೆಚ್ಚು ಯೋಚಿಸುವ ಹಾಗಾದರೆ ಫೋಲ್ಡರ್ ಜಾಸ್ತಿಯಾಗಿದೆ ಎಂದೇ ಲೆಕ್ಕ. ಹೆಸರಿನ ಮುಂದೆ ಅಂಕಿ ಹಾಕಿ. ಇಲ್ಲದಿದ್ದರೆ ಅಕಾರಾದಿಯಲ್ಲಿ ಕೂತು, ದಿನಾ ಬೇಕಾದ್ದು ಕೆಳಗೆ ಹೋಗಿಬಿಡುತ್ತದೆ.

0 ಹೊಸದು
1 ತೋಟ 2025-26
2 ಜಮೀನು ದಾಖಲೆ
3 ಸೊಸೈಟಿ, ಮಂಡಿ
4 ಮನೆ
9 ಹಳೆಯದು

"0 ಹೊಸದು" ಮುಖ್ಯ. ತೋಟದಲ್ಲಿ ನಿಂತು ಬರೆದದ್ದು, ಫೋನಿನಲ್ಲಿ ಮಾತಾಡುತ್ತಾ ಗೀಚಿದ್ದು, ಎಲ್ಲವೂ ಮೊದಲು ಇಲ್ಲಿಗೇ. ವಾರಕ್ಕೊಮ್ಮೆ ಕೂತು ಹೆಸರು ಕೊಟ್ಟು ಆಯಾ ಜಾಗಕ್ಕೆ ಕಳಿಸಿ. ಇಪ್ಪತ್ತು ಟಿಪ್ಪಣಿಗೆ ಹದಿನೈದು ನಿಮಿಷ ಸಾಕು. ತಿಂಗಳು ಬಿಟ್ಟರೆ ಏನು ಬರೆದದ್ದು ಎಂದು ನೆನಪು ಮಾಡಿಕೊಳ್ಳುವುದಕ್ಕೇ ಅರ್ಧ ದಿನ ಹೋಗುತ್ತದೆ.

ತೋಟದ ಫೋಲ್ಡರನ್ನು ಜನವರಿಯಿಂದ ಡಿಸೆಂಬರ್‌ಗೆ ಮಾಡಬೇಡಿ. ಅಡಿಕೆ ಕೊಯ್ಲು ಡಿಸೆಂಬರ್‌ನಿಂದ ಜನವರಿಗೆ ದಾಟುತ್ತದೆ. ಕ್ಯಾಲೆಂಡರ್ ವರ್ಷದ ಫೋಲ್ಡರ್ ಒಂದು ಫಸಲನ್ನು ಎರಡು ತುಂಡು ಮಾಡುತ್ತದೆ, ಆಮೇಲೆ ಔಷಧಿಯ ಖರ್ಚು ಒಂದು ಕಡೆ, ಅದೇ ಫಸಲಿನ ಮಂಡಿ ಚೀಟಿ ಇನ್ನೊಂದು ಕಡೆ. ಏಪ್ರಿಲ್‌ನಿಂದ ಮಾರ್ಚ್ ಇಟ್ಟರೆ ಫಸಲೂ ಒಂದೇ ಕಡೆ ಬರುತ್ತದೆ, ಸೊಸೈಟಿ ಲೆಕ್ಕದ ವರ್ಷವೂ ಹೊಂದುತ್ತದೆ.

ಹೆಸರು ಕೊಡುವ ಕ್ರಮ: ತಾರೀಖು, ಜಾಗ, ಕೆಲಸ.

2025-06-05 ಮೇಲಿನ ತೋಟ ಬೋರ್ಡೋ 1ನೇ ಸುತ್ತು

ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. 05-06-2025 ಎಂದು ಬರೆದರೆ ಎಲ್ಲ ತಿಂಗಳ 5ನೇ ತಾರೀಖೂ ಒಟ್ಟಿಗೆ ಬಂದು ಕೂರುತ್ತವೆ. ತಿಂಗಳು, ದಿನ ಎರಡಕ್ಕೂ ಎರಡೆರಡು ಅಂಕಿ ಇರಲೇಬೇಕು. 6 ಎಂದಷ್ಟೇ ಬರೆದರೆ ಫೈಲ್ ಪಟ್ಟಿಯಲ್ಲಿ ಅದು 10ರ ನಂತರ ಬರುವ ಸಾಧ್ಯತೆ ಇದೆ. ಓರೆಗೀಟು ಬಳಸಬೇಡಿ, ಫೈಲ್ ಹೆಸರಿನಲ್ಲಿ ಅದು ನಡೆಯುವುದಿಲ್ಲ.

ಟ್ಯಾಗ್‌ಗಳು ಜಾಗಕ್ಕಲ್ಲ, ಸಂಗತಿಗೆ. ಹತ್ತು ಹನ್ನೆರಡು ಟ್ಯಾಗ್ ನಿಗದಿ ಮಾಡಿ "ಟ್ಯಾಗ್ ಪಟ್ಟಿ" ಎಂಬ ಟಿಪ್ಪಣಿಯಲ್ಲಿ ಬರೆದು ಪಿನ್ ಮಾಡಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದನ್ನು ಹಾಕುವ ಹಾಗಿಲ್ಲ. ಇಲ್ಲದಿದ್ದರೆ ಒಂದು ಕಡೆ ಕೊಳೆ, ಒಂದು ಕಡೆ ಕೊಳೆರೋಗ, ಮತ್ತೊಂದು ಕಡೆ ಅಡಿಕೆಕೊಳೆ ಆಗಿ ಮೂರು ಗುಂಪು ಬೀಳುತ್ತವೆ.

ಮಲೆನಾಡಿನವರಿಗೆ ಉಪಯೋಗವಾಗುವ ಇನ್ನೊಂದು ಟ್ಯಾಗ್ ಮಳೆಯ ಹೆಸರು. "ಆರಿದ್ರೆ ಮಳೆ ಶುರುವಿನಲ್ಲಿ ಹೊಡೆದದ್ದು" ಎಂದು ನೆನಪಿರುತ್ತದೆ, ತಾರೀಖು ನೆನಪಿರುವುದಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಐದು ಟ್ಯಾಗ್ ಸಾಕು. ಒಂದೊಂದು ಹದಿಮೂರು ಹದಿನಾಲ್ಕು ದಿನ. ವರ್ಷ ವರ್ಷದ್ದನ್ನು ಹೋಲಿಸಿ ನೋಡುವಾಗ ಇದರಷ್ಟು ಸಲೀಸಾದ್ದು ಬೇರೆ ಇಲ್ಲ.

ಅಕ್ಷರಜೋಡಣೆ:

ಹುಡುಕುವ ವಿಷಯ ನಾನು ಹೇಳುತ್ತೇನೆ. ಕನ್ನಡದಲ್ಲಿ ಎಡವುವುದೆಲ್ಲ ಇಲ್ಲೇ.

ಕೈಬರಹ: ನಿಮ್ಮ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಕೈಬರಹ ಗುರುತಿಸುವ ಭಾಷೆಗಳ ಪಟ್ಟಿ ಇರುತ್ತದೆ, ಕನ್ನಡ ಇದೆಯೇ ನೋಡಿ. ಇದ್ದರೂ, ಅವಸರದಲ್ಲಿ ಬರೆದ ಒತ್ತಕ್ಷರಗಳನ್ನು ಅದು ಸರಿಯಾಗಿ ಓದುತ್ತದೆ ಎಂದು ನಂಬಿ ಕೂರಬೇಡಿ. ಗಟ್ಟಿ ದಾರಿ ಎಂದರೆ ಪ್ರತಿ ಕೈಬರಹದ ಟಿಪ್ಪಣಿಗೂ ಟೈಪ್ ಮಾಡಿದ ಶೀರ್ಷಿಕೆ, ಅದರ ಕೆಳಗೆ ಟೈಪ್ ಮಾಡಿದ ಒಂದೇ ಒಂದು ಸಾಲು. ಆ ಸಾಲಿನಲ್ಲಿ ವಾಕ್ಯ ಬೇಡ, ಮುಂದೆ ಯಾವ ಪದ ಹಾಕಿ ಹುಡುಕುತ್ತೀರೋ ಆ ಪದಗಳಷ್ಟೇ: "ಬೋರ್ಡೋ ಮೈಲುತುತ್ತ ಕೊಳೆ ಕೊನೆಗೌಡ ಕೂಲಿ". ಉಳಿದದ್ದು ಹೇಗೆ ಗೀಚಿದರೂ ನಡೆಯುತ್ತದೆ.

ಟೈಪ್ ಮಾಡಲು ಬೇಸರವಾದರೆ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ಕೈಬರಹದ ಕೀಲಿಮಣೆ ಇದೆ. ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳು, ಕನ್ನಡ, ಅದರಲ್ಲಿ ಹ್ಯಾಂಡ್‌ರೈಟಿಂಗ್ ಆರಿಸಿ. ಪೆನ್ನಿನಿಂದ ಆ ಚೌಕದಲ್ಲಿ ಬರೆದರೆ ಯೂನಿಕೋಡ್ ಅಕ್ಷರವಾಗಿ ಬೀಳುತ್ತದೆ. ಒಂದೊಂದು ಪದ ಬರೆದು, ಸರಿ ಬಂತೋ ನೋಡಿ ಮುಂದೆ ಹೋಗಿ. ಇಡೀ ಸಾಲು ಒಟ್ಟಿಗೆ ಬರೆದರೆ ತಪ್ಪು ಹೆಚ್ಚು.

ಇನ್ನು ಟೈಪ್ ಮಾಡಿದ್ದೂ ಸಿಗದೇ ಹೋಗಲು ಕಾರಣಗಳಿವೆ.

"ಪಂಪ್‌ಸೆಟ್" ಎಂದು ಬಿಡಿಸಿ ಕಾಣಿಸಬೇಕಾದರೆ ಪ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಅದಿಲ್ಲದಿದ್ದರೆ "ಪಂಪ್ಸೆಟ್" ಎಂದು ಒತ್ತಾಗಿ ಸೇರಿಕೊಳ್ಳುತ್ತದೆ. ಓದುವವರಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಕೆಲವು ಆಪ್‌ಗಳು ಆ ಕಾಣದ ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ತೆಗೆದುಕೊಳ್ಳುತ್ತವೆ. ಹಾಗಾಗಿ ಇಂಥ ಪದಗಳನ್ನು "ಪಂಪ್ ಸೆಟ್" ಎಂದು ಜಾಗ ಬಿಟ್ಟೇ ಬರೆಯಿರಿ, ಹುಡುಕುವಾಗ "ಪಂಪ್" ಎಂದಷ್ಟೇ ಹಾಕಿ.

ಅಂಕಿಯಲ್ಲೂ ಹೀಗೇ. ೪೫ ಬೇರೆ, 45 ಬೇರೆ. ಸರ್ವೆ ನಂಬರು, ತಾರೀಖು, ಲೀಟರು ಎಲ್ಲಕ್ಕೂ ಒಂದೇ ಬಗೆಯ ಅಂಕಿ. 0ರಿಂದ 9 ಇರುವುದನ್ನೇ ಇಟ್ಟುಕೊಳ್ಳಿ, ಲೆಕ್ಕದ ಹಾಳೆಗೆ ಹಾಕುವಾಗಲೂ ಅದೇ ಬೇಕು.

ಕಾಗುಣಿತ ಎರಡು ರೀತಿ ಇರುವ ಪದಗಳಿಗೆ ಬದಲಾಗದ ಭಾಗವನ್ನು ಹುಡುಕಿ. ಮೈಲುತುತ್ತ, ಮೈಲುತುತ್ಥ ಎರಡಕ್ಕೂ "ಮೈಲು". ಔಷಧ, ಔಷಧಿ ಎರಡಕ್ಕೂ "ಔಷಧ". ವಿಭಕ್ತಿ ಪ್ರತ್ಯಯದಿಂದ ತೊಂದರೆ ಇಲ್ಲ, "ತೋಟ" ಎಂದರೆ ತೋಟಕ್ಕೆ, ತೋಟದಲ್ಲಿ ಎಲ್ಲ ಸಿಗುತ್ತವೆ. ಪೂರ್ತಿ ಪದವನ್ನೇ ಹೊಂದಿಸುವ ಆಪ್ ಆದರೆ ಸಿಗುವುದಿಲ್ಲ. ಅದನ್ನು ಮೊದಲೇ ಒಂದು ಟಿಪ್ಪಣಿಯಲ್ಲಿ ಪರೀಕ್ಷೆ ಮಾಡಿ ನೋಡಿ.

ಕಂಪ್ಯೂಟರಿನಿಂದ ಹಳೆ ನುಡಿ ಅಥವಾ ಬರಹ ಫಾಂಟಿನ ಬರವಣಿಗೆ ತಂದು ಅಂಟಿಸಿದ್ದರೆ ಅದು ಟ್ಯಾಬ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಅಂಟಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲಿ.

ಫೈಲ್ ಹೆಸರಿನ ಉದ್ದಕ್ಕೂ ಮಿತಿ ಇದೆ. ಆಂಡ್ರಾಯ್ಡ್‌ನ ಒಳ ಮೆಮೊರಿಯಲ್ಲಿ ಒಂದು ಹೆಸರಿಗೆ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. "ತೀರ್ಥಹಳ್ಳಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಆದರೆ ಒಳಗೆ ಹತ್ತು ಸಂಕೇತ, ಅಂದರೆ 30 ಬೈಟ್. ಒಟ್ಟು 85 ಸಂಕೇತ ದಾಟಿದರೆ ಪಿಡಿಎಫ್ ಉಳಿಸುವಾಗ "ಹೆಸರು ಉದ್ದವಾಯಿತು" ಎಂಬ ದೂರು ಬರುತ್ತದೆ. ಏಳೆಂಟು ಪದಕ್ಕೆ ಶೀರ್ಷಿಕೆ ಮುಗಿಸಿ.

ಬಾಗಾಯ್ತು_ಹೊಸನಗರ:

ಇಬ್ಬರಿಗೂ ನಮಸ್ಕಾರ. ಪಂಪ್‌ಸೆಟ್ ಹುಡುಕಿದರೆ ಅರ್ಧ ಟಿಪ್ಪಣಿ ಮಾತ್ರ ಬರುತ್ತಿದ್ದುದು ಯಾಕೆಂದು ಈಗ ಗೊತ್ತಾಯಿತು.

ಬೋರ್ಡೋ ಮತ್ತು ಮಳೆಯ ದಾಖಲೆಯನ್ನು ದಿನಕ್ಕೊಂದು ಟಿಪ್ಪಣಿ ಮಾಡಬೇಕೋ, ಒಂದೇ ಉದ್ದದ ಟಿಪ್ಪಣಿಯಲ್ಲಿ ಮುಂದುವರಿಸಬೇಕೋ? ಪಹಣಿ ಪಿಡಿಎಫ್‌ಗೆ ಹೆಸರು ಹೇಗಿಡಲಿ?

ತುಂಗೆಯ_ತಟ:

ಮಳೆ ಟಿಪ್ಪಣಿಯೇ ಅಲ್ಲ, ಅಂಕಿ. ಅದು ಲೆಕ್ಕದ ಹಾಳೆಯಲ್ಲಿ ಇರಬೇಕು. ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿ, ಅದಕ್ಕೆ ಆಫ್‌ಲೈನ್ ಗುರುತು ಹಾಕಿಟ್ಟರೆ ನೆಟ್ ಇಲ್ಲದಾಗಲೂ ತುಂಬಬಹುದು. ಮೂರು ಕಂಬಸಾಲು ಸಾಕು: ತಾರೀಖು, ಮಿಲಿಮೀಟರ್, ಷರಾ. ದಿನಾ ಬೆಳಗ್ಗೆ 8.30ಕ್ಕೆ ಅಳೆಯಿರಿ. ಆಗ ಅಳತೆಯಲ್ಲಿರುವುದು ಹಿಂದಿನ 24 ಗಂಟೆಯ ಮಳೆ, ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಅದು ಅಳೆದ ದಿನದ ತಾರೀಖಿಗೇ ಸೇರುತ್ತದೆ. ನಿಮ್ಮದನ್ನೂ ಹಾಗೇ ಬರೆದರೆ ಬೇರೆ ಕಡೆಯ ಅಂಕಿಯ ಜೊತೆ ಹೋಲಿಸಬಹುದು. ಮಳೆ ಇಲ್ಲದ ದಿನ 0 ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಎಂದರೆ ಅಳೆದಿಲ್ಲ ಎಂದು, 0 ಎಂದರೆ ಅಳೆದು ನೋಡಿ ಇರಲಿಲ್ಲ ಎಂದು. ಮನೆಯ ಹಳೆ ಡೈರಿಯಲ್ಲಿ ಇಂಚಿನ ಲೆಕ್ಕ ಇದ್ದರೆ 25.4ರಿಂದ ಗುಣಿಸಿ ಹಾಕಿ.

ಬೋರ್ಡೋಗೆ ಸುತ್ತಿಗೊಂದು ಟಿಪ್ಪಣಿ, ತೋಟಕ್ಕೊಂದು. ಒಂದು ಖಾಲಿ ನಮೂನೆ ಮಾಡಿಟ್ಟು, ಪ್ರತಿಸಲ ಅದರ ನಕಲು ತೆಗೆದು ತುಂಬಿ. ನಮೂನೆಯಲ್ಲಿ ಇವಿರಲಿ:

ಎಷ್ಟನೇ ಸುತ್ತು, ಯಾವ ತೋಟ, ಎಷ್ಟು ಮರ
ಮೈಲುತುತ್ತ ಕೆ.ಜಿ., ಸುಣ್ಣ ಕೆ.ಜಿ., ನೀರು ಲೀಟರ್
ಕತ್ತಿ ಪರೀಕ್ಷೆ: ಆಯಿತು / ಇಲ್ಲ
ಒಟ್ಟು ಖರ್ಚಾದ ದ್ರಾವಣ
ಹೊಡೆದು ಮುಗಿದದ್ದು ಎಷ್ಟು ಗಂಟೆಗೆ, ಮಳೆ ಬಂದದ್ದು ಎಷ್ಟು ಗಂಟೆಗೆ
ಮುಂದಿನ ಸುತ್ತಿನ ತಾರೀಖು

ಶೇ. 1ರ ಬೋರ್ಡೋ ಎಂದರೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ಎರಡೂ ಸೇರಿ 100. ಇದನ್ನು ನಮೂನೆಯಲ್ಲೇ ಅಚ್ಚು ಹಾಕಿಡಿ, ಆದರೆ ನಿಜವಾಗಿ ಹಾಕಿದ ಸುಣ್ಣದ ತೂಕಕ್ಕೆ ಬೇರೆ ಜಾಗ ಬಿಡಿ. ಸುಣ್ಣ ಹಳತಾಗಿದ್ದರೆ 1 ಕೆ.ಜಿ. ಸಾಲುವುದಿಲ್ಲ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಎಷ್ಟು ಸೇರಿಸಿದ್ದು ಎಂಬುದೇ ಮುಂದಿನ ವರ್ಷಕ್ಕೆ ಬೇಕಾಗುವ ಮಾಹಿತಿ, ಅದನ್ನೇ ಬಹಳ ಜನ ಬರೆಯುವುದಿಲ್ಲ.

ಗಂಟೆ ಯಾಕೆ ಬರೆಯಬೇಕೆಂದರೆ, ಆಗಸ್ಟ್‌ನಲ್ಲಿ ಕೊಳೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಹೊಡೆದದ್ದು ಒಣಗುವಷ್ಟು ಹೊತ್ತು ಸಿಕ್ಕಿತ್ತೇ" ಎಂಬುದು. ಟಿಪ್ಪಣಿಯಲ್ಲಿ ಅದಿಲ್ಲದಿದ್ದರೆ ಉಳಿದ ಎಲ್ಲ ಇದ್ದೂ ಕಾರಣ ಸಿಗುವುದಿಲ್ಲ.

ಮುಂದಿನ ಸುತ್ತು 40ರಿಂದ 45 ದಿನಕ್ಕೆ. ಜೂನ್ 5ಕ್ಕೆ ಹೊಡೆದರೆ 45ನೇ ದಿನ ಜುಲೈ 20. ಆ ದಿನಕ್ಕಲ್ಲ, ಒಂದು ವಾರ ಮೊದಲು, ಜುಲೈ 13ಕ್ಕೆ ಕ್ಯಾಲೆಂಡರ್‌ನಲ್ಲಿ ಜ್ಞಾಪನೆ ಹಾಕಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರನ್ನು ಗೊತ್ತು ಮಾಡಿಕೊಳ್ಳಲು, ಬಿಸಿಲು ನೋಡಿಕೊಳ್ಳಲು ಅಷ್ಟು ದಿನ ಬೇಕು. ಜ್ಞಾಪನೆಯಲ್ಲಿ ಟಿಪ್ಪಣಿಯ ಶೀರ್ಷಿಕೆಯನ್ನೇ ಬರೆಯಿರಿ, ಹುಡುಕಲು ಸುಲಭ. ಕೊಟ್ಟೆ (ಅಡಿಕೆ ಗೊನೆಗೆ ಮಳೆ ತಾಗದ ಹೊದಿಕೆ) ಕಟ್ಟಿಸಿದ ಮರಗಳಿದ್ದರೆ ಅವುಗಳ ಲೆಕ್ಕವನ್ನು ಅದೇ ಟಿಪ್ಪಣಿಯ ಕೊನೆಗೆ ಸೇರಿಸಿ, ಬೇರೆ ಮಾಡಬೇಡಿ.

ಫೋಟೋ ಸೇರಿಸುವಾಗ ಎಚ್ಚರ. ಒಂದೊಂದು 3ರಿಂದ 5 ಎಂಬಿ ಇರುತ್ತದೆ, ಹತ್ತು ಹಾಕಿದರೆ ಟಿಪ್ಪಣಿ ತೆರೆಯಲೂ ತಡ, ನೆಟ್ ಬಂದ ಹತ್ತು ನಿಮಿಷದಲ್ಲಿ ಸಿಂಕ್ ಆಗುವುದೂ ಇಲ್ಲ. ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿಸಿ ಎರಡು ಮೂರು ಹಾಕಿ.

ಪಹಣಿಗೆ: "ಸನಂ045-2 ಪಹಣಿ 2025-07-02". ಸರ್ವೆ ನಂಬರ್‌ಗೆ ಮೂರು ಅಂಕಿ (9 ಇದ್ದರೆ 009), ಹಿಸ್ಸಾ ಮುಂದೆ ಗೀಟು ಹಾಕಿ. ಕೊನೆಯ ತಾರೀಖು ಪ್ರತಿ ತೆಗೆದ ದಿನದ್ದು. ಪಹಣಿಯಲ್ಲಿ ಬೆಳೆ, ಋಣ, ಹಕ್ಕಿನ ಕಾಲಂ ಬದಲಾಗುತ್ತಿರುತ್ತವೆ, ಆದ್ದರಿಂದ ಹಳೆಯದನ್ನು ಅಳಿಸಬೇಡಿ, ಎರಡನ್ನೂ ಇಟ್ಟುಕೊಂಡರೆ ಯಾವಾಗ ಏನು ಬದಲಾಯಿತು ಎಂದು ಕಾಣುತ್ತದೆ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟದ) ಕಾಗದಗಳಿಗೆ ತೋಟದ ಸರ್ವೆ ನಂಬರನ್ನೂ ಟ್ಯಾಗ್ ಆಗಿ ಸೇರಿಸಿ, ಎರಡೂ ಒಟ್ಟಿಗೇ ಬೇಕಾಗುತ್ತವೆ.

ಅಕ್ಷರಜೋಡಣೆ:

ಹಳೆಯ ಮುದ್ರಿತ ಕಾಗದಗಳಿಗೆ ಒಂದು ಮಾತು ಸೇರಿಸುತ್ತೇನೆ. ಗೂಗಲ್ ಡ್ರೈವ್ ಆಪ್‌ನ ಸ್ಕ್ಯಾನ್ ಬಟನ್‌ನಿಂದ ತೆಗೆದರೆ ಅಂಚು ಕತ್ತರಿಸಿ ನೇರ ಮಾಡಿ ಪಿಡಿಎಫ್ ಕೊಡುತ್ತದೆ. ಅದನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಡ್ರೈವ್ ತೆರೆದು ಗೂಗಲ್ ಡಾಕ್ಸ್‌ನಿಂದ ತೆರೆದರೆ ಕನ್ನಡ ಅಕ್ಷರಗಳನ್ನು ಓದಿ ಪಠ್ಯವಾಗಿ ಇಳಿಸುತ್ತದೆ. ಫೈಲ್ 2 ಎಂಬಿ ಒಳಗಿರಬೇಕು, ಪುಟ ನೇರವಾಗಿ ನಿಂತಿರಬೇಕು. ಕೋಷ್ಟಕದ ಗೆರೆಗಳ ನಡುವಿನ ಅಂಕಿಗಳನ್ನು ಮಾತ್ರ ನಂಬಬೇಡಿ, ಮೂಲದ ಜೊತೆ ತಾಳೆ ನೋಡಿ. ಬಂದ ಪಠ್ಯವನ್ನು ಪಿಡಿಎಫ್ ಇರುವ ಟಿಪ್ಪಣಿಯ ಕೊನೆಗೆ ಅಂಟಿಸಿದರೆ ಹುಡುಕಲು ಸಿಗುತ್ತದೆ.

ಆಗುಂಬೆ_ಘಟ್ಟ:

ನೆಟ್, ಕರೆಂಟ್, ಒದ್ದೆ. ಈ ಮೂರರ ಬಗ್ಗೆ ಯಾರೂ ಹೇಳಿಲ್ಲ.

ಸಿಂಕ್ ಬೇರೆ, ಬ್ಯಾಕಪ್ ಬೇರೆ. ಟ್ಯಾಬ್‌ನಲ್ಲಿ ತಪ್ಪಿ ಅಳಿಸಿದರೆ ಸಿಂಕ್ ಅದನ್ನು ಎಲ್ಲ ಕಡೆಯೂ ಅಳಿಸುತ್ತದೆ, ಅದರ ಕೆಲಸವೇ ಅದು. ತಿಂಗಳಿಗೊಮ್ಮೆ "ಸೇವ್ ಆಸ್ ಫೈಲ್" ಕೊಟ್ಟು ಎರಡು ರೂಪದಲ್ಲಿ ತೆಗೆಯಿರಿ: ಪಿಡಿಎಫ್ ಒಂದು, ಆಪ್‌ನ ಸ್ವಂತ ರೂಪ (ಎಸ್‌ಡಾಕ್ಸ್) ಒಂದು. ಪಿಡಿಎಫ್ ಯಾವ ಯಂತ್ರದಲ್ಲೂ ತೆರೆಯುತ್ತದೆ, ಆದರೆ ಮತ್ತೆ ತಿದ್ದಲು ಬರುವುದಿಲ್ಲ. ಎಸ್‌ಡಾಕ್ಸ್ ತಿದ್ದಲು ಬರುತ್ತದೆ, ಆದರೆ ಅದಕ್ಕೆ ಅದೇ ಆಪ್ ಬೇಕು. ಟ್ಯಾಬ್‌ಗೇ ನೇರ ಚುಚ್ಚುವ ಓಟಿಜಿ ಪೆನ್‌ಡ್ರೈವ್‌ಗೆ ಒಂದು ಪ್ರತಿ, ಊರು ಬಿಟ್ಟು ಬೇರೆ ಮನೆಯಲ್ಲಿರುವ ಕಂಪ್ಯೂಟರಿಗೆ ಅಥವಾ ಡ್ರೈವ್‌ಗೆ ಇನ್ನೊಂದು. ಗೂಗಲ್‌ನಲ್ಲಿ 15 ಜಿಬಿ ಉಚಿತ, ಒನ್‌ಡ್ರೈವ್‌ನಲ್ಲಿ 5 ಜಿಬಿ. ಟಿಪ್ಪಣಿಗೆ ಇಷ್ಟು ಧಾರಾಳ. ಪ್ರತಿ ತೆಗೆದ ಮೇಲೆ ಪೆನ್‌ಡ್ರೈವ್‌ನಿಂದ ಯಾವುದಾದರೂ ಎರಡು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ.

ಒಂದೇ ಟಿಪ್ಪಣಿಯನ್ನು ಫೋನಿನಲ್ಲೂ ಟ್ಯಾಬ್‌ನಲ್ಲೂ ನೆಟ್ ಇಲ್ಲದಾಗ ತಿದ್ದಬೇಡಿ. ನೆಟ್ ಬಂದಾಗ ಎರಡು ಪ್ರತಿ ಆಗುತ್ತದೆ ಅಥವಾ ಒಂದರ ತಿದ್ದುಪಡಿ ಹೋಗುತ್ತದೆ. ಫೋನಿನಲ್ಲಿ ಯಾವಾಗಲೂ ಹೊಸ ಟಿಪ್ಪಣಿಯನ್ನೇ ತೆರೆಯಿರಿ, "0 ಹೊಸದು" ಒಳಗೆ. ಸೇರಿಸುವುದನ್ನು ಟ್ಯಾಬ್‌ನಲ್ಲಿ ಮಾಡಿ.

ಒಂದು ಕೈಬರಹದ ಟಿಪ್ಪಣಿ 30 ಪುಟ ದಾಟಲು ಬಿಡಬೇಡಿ. ಭಾರವಾದ ಫೈಲ್ ಉಳಿಸುವ ಹೊತ್ತಿಗೆ ಬ್ಯಾಟರಿ ಸತ್ತರೆ ಕೆಡುವುದು ಒಂದು ಪುಟವಲ್ಲ, ಇಡೀ ಫೈಲ್.

ಸೋನೆಯಲ್ಲಿ ಬರೆಯುವಾಗ ಪರದೆಯ ಮೇಲೆ ಹನಿ ಬಿದ್ದರೆ ಅದು ಬೆರಳಿನ ಸ್ಪರ್ಶದ ಹಾಗೆ ಗೆರೆ ಎಳೆಯುತ್ತದೆ. ಪೆನ್ನಿನಿಂದ ಮಾತ್ರ ಬರೆಯುವ ಆಯ್ಕೆಯನ್ನು ಆಪ್‌ನಲ್ಲಿ ಹಾಕಿಕೊಳ್ಳಿ. ನಿಮ್ಮ ಟ್ಯಾಬ್‌ನ ಪೆನ್ ಪರದೆಯ ಕೆಳಗಿನ ಬೇರೆ ಪದರಕ್ಕೆ ಕಾಂತೀಯವಾಗಿ ತಿಳಿಯುವ ಜಾತಿಯದಾದರೆ ನೀರಿದ್ದರೂ ಅದು ಬರೆಯುತ್ತದೆ. ಚಾರ್ಜಿಂಗ್ ಕಿಂಡಿಗೆ ಪಸೆ ಹೋಗಿ ಎಚ್ಚರಿಕೆ ಬಂದರೆ ಒಲೆಯ ಮೇಲೆ, ಅಡಿಕೆ ಒಣಗಿಸುವ ಬಿಸಿಗೆ ಇಡಬೇಡಿ, ಕಿಂಡಿ ಕೆಳಗೆ ಮಾಡಿ ಗಾಳಿಗೆ ಒಣಗಲು ಬಿಡಿ. ಮ್ಯಾಟ್ ಪರದೆ ಕಾಗದ ಹಾಕಿದ್ದರೆ ಪೆನ್ನಿನ ತುದಿ ಬೇಗ ಸವೆಯುತ್ತದೆ, ಒಂದೆರಡು ತುದಿ ತಂದಿಟ್ಟುಕೊಳ್ಳಿ. ಜಿಪ್ ಚೀಲದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಭ್ಯಾಸವಾಗಲಿ.

ಸಾಗರದ_ಪಠ್ಯ:

ಆಪ್ ಬದಲಿಸುವ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೈಬರಹ ಇರುವಲ್ಲೇ ಇರಲಿ, ಆದರೆ ಟೈಪ್ ಮಾಡುವ ಟಿಪ್ಪಣಿಗಳನ್ನು ಅಬ್ಸಿಡಿಯನ್‌ಗೆ ತರುವುದು ಒಳ್ಳೆಯದು. ಅದರಲ್ಲಿ ಪ್ರತಿ ಟಿಪ್ಪಣಿಯೂ ಟ್ಯಾಬ್‌ನ ಫೋಲ್ಡರ್‌ನಲ್ಲಿ ಇರುವ ಸಾದಾ ಪಠ್ಯದ ಫೈಲ್. ಆಪ್ ನಿಂತುಹೋದರೂ ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ, ಪೆನ್‌ಡ್ರೈವ್‌ಗೆ ಹಾಕಲು ಫೋಲ್ಡರ್ ನಕಲು ಮಾಡಿದರೆ ಆಯಿತು, ನೆಟ್ ಬೇಕೇ ಇಲ್ಲ. ಎರಡು ಚೌಕ ಆವರಣದೊಳಗೆ ಇನ್ನೊಂದು ಟಿಪ್ಪಣಿಯ ಹೆಸರು ಬರೆದರೆ ಕೊಂಡಿ ಆಗುತ್ತದೆ.

ಕಡತದ_ಕಪಾಟು:

ಒಪ್ಪುತ್ತೇನೆ, ಆದರೆ ಈಗಲೇ ಬೇಡ. ಮುಕ್ಕಾಲು ಕೈಬರಹ ಇರುವವರಿಗೆ ಎರಡು ಆಪ್ ಎಂದರೆ ಹುಡುಕಲು ಎರಡು ಜಾಗ. ಒಂದು ಮಳೆಗಾಲ ಹೆಸರಿಡುವ ಕ್ರಮ ರೂಢಿಯಾಗಲಿ. ಹೆಸರು ಸರಿಯಿದ್ದರೆ ಆಮೇಲೆ ಸಾಗಿಸುವುದು ಕಷ್ಟವಲ್ಲ.

ಬಾಗಾಯ್ತು_ಹೊಸನಗರ:

ಸರಿ, ಸದ್ಯಕ್ಕೆ ಇದ್ದ ಆಪ್‌ನಲ್ಲೇ ಮಾಡುತ್ತೇನೆ. ಹಳೆಯ 400ನ್ನು ಎಂತ ಮಾಡುವುದು? ಒಂದೊಂದಾಗಿ ತೆರೆದು ಹೆಸರು ಕೊಡುತ್ತಾ ಹೋಗಬೇಕೇ?

ಕಡತದ_ಕಪಾಟು:

ಬೇಡ. ಎಲ್ಲವನ್ನೂ ಒಟ್ಟಿಗೆ ಆರಿಸಿ "9 ಹಳೆಯದು" ಒಳಗೆ ಹಾಕಿ, ಅದಕ್ಕೆ ಮೊದಲು ಪೂರ್ತಿ ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಅಲ್ಲಿಂದ ಜಮೀನು ದಾಖಲೆ ಮತ್ತು ಕಳೆದ ಎರಡು ವರ್ಷದ ಬೋರ್ಡೋ ಟಿಪ್ಪಣಿ ಇವೆರಡನ್ನು ಮಾತ್ರ ಈಗ ಹೆಕ್ಕಿ ಹೆಸರು ಕೊಡಿ. ಉಳಿದದ್ದು ಯಾವಾಗ ಬೇಕಾಗಿ ತೆರೆಯುತ್ತೀರೋ ಆಗ ಹೆಸರಿಟ್ಟು ಅದರ ಜಾಗಕ್ಕೆ ಕಳಿಸಿ. ಎರಡು ವರ್ಷ ಯಾರೂ ತೆರೆಯದ್ದು ಅಲ್ಲೇ ಇರಲಿ.

ಹೆಸರಿಲ್ಲದ್ದರ ತಾರೀಖು ತಿಳಿಯಲು ಪಟ್ಟಿಯನ್ನು ರಚಿಸಿದ ದಿನದ ಕ್ರಮಕ್ಕೆ ಹಾಕಿ ನೋಡಿ, ತಿದ್ದಿದ ದಿನದ ಕ್ರಮಕ್ಕಲ್ಲ. ಒಳಗೆ ಒಂದು ಗೆರೆ ಎಳೆದರೂ ತಿದ್ದಿದ ದಿನ ಇವತ್ತಿಗೆ ಬದಲಾಗುತ್ತದೆ. ಹಾಗಾಗಿ ಮೊದಲು ರಚಿಸಿದ ದಿನವನ್ನು ನೋಡಿಕೊಂಡು ಶೀರ್ಷಿಕೆಯಲ್ಲಿ ಬರೆಯಿರಿ, ಆಮೇಲೆ ಒಳಗೆ ಕೈ ಹಾಕಿ. ಬೇರೆ ಟ್ಯಾಬ್‌ನಿಂದ ತಂದ ಟಿಪ್ಪಣಿಗಳಿಗೆ ರಚಿಸಿದ ದಿನವೇ ತಂದ ದಿನವಾಗಿರಬಹುದು. ಒಂದೇ ದಿನ ಮೂವತ್ತು ನಲವತ್ತು ಟಿಪ್ಪಣಿ ಹುಟ್ಟಿದ ಹಾಗೆ ಕಂಡರೆ ಆ ತಾರೀಖನ್ನು ನಂಬದೆ, ಒಳಗಿನ ಮಂಡಿ ಚೀಟಿಯ ಫೋಟೋದಲ್ಲಿರುವ ತಾರೀಖನ್ನೇ ತೆಗೆದುಕೊಳ್ಳಿ.